ಮೇಕಪ್ ವ್ಯಾನಿನ ಕಿಟಕಿ

ನಮ್ಮ ಮನೆಗೆ ನಾಲ್ಕು ಚಕ್ರಗಳಿವೆ, ಸ್ಟಿಯರಿಂಗ್ ಇದೆ, ಹಾರನ್ ಕೂಡ ಇದೆ. ಇಂಜಿನ್ ಒಂದಿಲ್ಲ. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಕ್ಕೆಂದು ನಮ್ಮ ಹಳೇ ಮನೆ ಹೋದಾಗ, ಹೊಸ ಸೈಟಿನಲ್ಲಿ ಮನೆ ಏಳುವ ತನಕ ಬಾಡಿಗೆ ಮನೆಗೆ ಯಾಕೆ ಅಲೆಯಬೇಕು ಎಂಬ ದಿವ್ಯಜ್ಞಾನ ನನಗಾಯಿತು. ರಾಮನಗರದ ಬಂಡೆಗಳ ಹತ್ತಿರ ಯಾವುದೋ ಸಿನಿಮಾದವರು ಬಿಟ್ಟುಹೋಗಿದ್ದ ಮೇಕಪ್ ವ್ಯಾನನ್ನು ಎಳೆಸಿಕೊಂಡು ಬಂದು ಸೈಟಿನಲ್ಲೇ ನಿಲ್ಲಿಸಿದೆ. ಒಳಗೆ ಮಂಚ, ಸುತ್ತ ಬಲ್ಬುಗಳಿರುವ ಕನ್ನಡಿ, ಎಮ್ಮೆ ತಲೆ ತೂರಿಸಬಹುದಾದಷ್ಟು ದೊಡ್ಡ ಕಿಟಕಿ!

“ಹೀರೋಯಿನ್ ಕೂತಿದ್ದ ಕುರ್ಚಿ ಕಣೇ ಇದು,” ಎಂದೆ.

“ಎದ್ದು ಹೋದ್ಲಲ್ಲ, ಅವ್ಳಿಗೆ ಬುದ್ಧಿ ಇತ್ತು,” ಎಂದಳು ನನ್ನ ಹೆಂಡತಿ ವೆಂಕಟಲಕ್ಷ್ಮಮ್ಮ.

ಮನೆ ಕೆಡವಿದ ದಿನದಿಂದ ಅವಳು ಜಗಳವಾಡುತ್ತಿದ್ದಳೇ ಹೊರತು ಅದರಲ್ಲಿ ಮೊದಲಿನ ಹುರುಪಿರಲಿಲ್ಲ. ಬೆಳಿಗ್ಗೆ ಎದ್ದವಳು ವ್ಯಾನಿನ ತಗಡಿನ ಮೆಟ್ಟಿಲ ಮುಂದೆ ರಂಗೋಲಿ ಡಬ್ಬಿ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದಳು. ನಾನು ಅದನ್ನು ಸೊಂಟನೋವು ಎಂದುಕೊಂಡಿದ್ದೆ. (ಮುಲಾಮನ್ನೂ ತಂದುಕೊಟ್ಟೆ.)

ಮಳೆ ಶುರುವಾದದ್ದೇ ತಡ, ಆ ಮಹಾಕಿಟಕಿ ಸೋರತೊಡಗಿತು. ಅದರ ಮರದ ಚೌಕಟ್ಟಿಗೆ ಬೆರಳಿಟ್ಟರೆ ಬಿಸಿ ಮುದ್ದೆಗೆ ಇಟ್ಟಂತೆ ಒಳಗೆ ಹೋಯಿತು. ಚನ್ನಪಟ್ಟಣದ ಬಡಗಿ ಮುಕ್ತಿಯಾರ್ ನನ್ನ ಹಳೇ ಸ್ನೇಹಿತ. ಬಂದು ಉಳಿಯಿಂದ ಕೆರೆದು ನೋಡಿದ.

“ಪೂರಾ ಕೊಳ್ತೋಗೈತೆ ಬೈರಣ್ಣ. ಎಲ್ಲಾ ಕಿತ್ತು ಬೇರೆ ಕೂರುಸ್ಬೇಕು. ಹಸಿ ಮರ ಬ್ಯಾಡ, ಬಿರುಕು ಬಿಡ್ತದೆ. ಹಳೇದಿದ್ರೆ ಕೊಡಿ.”

ಅಂದು ಮಂಗಳವಾರ. ಹೆಂಡತಿ ಕಬ್ಬಾಳಮ್ಮನ ದರ್ಶನಕ್ಕೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಕಿಟಕಿ ಸರಿಮಾಡಿ, ಮದುವೆಯಾದ ಮೇಲೆ ಒಂದು ಸಲವಾದರೂ ಶಹಭಾಸ್ ಅನ್ನಿಸಿಕೊಳ್ಳುವ ಹುಮ್ಮಸ್ಸು ನನಗೆ. ಮಂಚದಡಿ ತಡಕಾಡಿದರೆ, ಹಳೇ ಸೀರೆಯಲ್ಲಿ ಸುತ್ತಿಟ್ಟ ದಪ್ಪನೆಯ ಮರವೊಂದು ಸಿಕ್ಕಿತು. ನಾಲ್ಕಡಿ ಉದ್ದ, ಕಬ್ಬಿಣದಂಥ ಹೊನ್ನೆ. ನಡುವೆ ಸವೆದು ತಗ್ಗಾಗಿತ್ತು.

ಮುಕ್ತಿಯಾರ್ ಗರಗಸ ಇಡುವ ಮುಂಚೆ ಕೈ ತಡೆದ. “ಇದೇನಣ್ಣ, ಅರಿಶಿನ ಮೆತ್ಕಂಡೈತೆ? ಅಕ್ಕನ್ನ ಒಂದ್ಮಾತು ಕೇಳನ?”

“ಸಾರಿನಪುಡಿ ಚೆಲ್ಲಿರ್ಬೇಕು ಕಣಪ್ಪ. ನೀ ಕುಯ್ಯಿ.”

ಕುಯ್ದ. ಉದ್ದಕ್ಕೆ ಸೀಳಿ ಒಂದು ತುಂಡು ಕಿಟಕಿಯ ತಳಕ್ಕೆ, ಎರಡು ಪಕ್ಕಗಳಿಗೆ. ತಗ್ಗನ್ನು ಮಾತ್ರ ಹಾಗೇ ಬಿಟ್ಟ, ಮಳೆನೀರು ಹರಿದುಹೋಗಲಿ ಎಂದು.

ಸಂಜೆ ಬಸ್ಸಿಳಿದು ಬಂದ ಹೆಂಡತಿಯನ್ನು ಕಿಟಕಿಯ ಮುಂದೆ ನಿಲ್ಲಿಸಿ, “ಹೆಂಗೈತೆ?” ಎಂದೆ.

ಅವಳು ಬೈಯಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ನನಗೆ ನಿಜವಾಗಿ ಭಯವಾದದ್ದು ಆಗಲೇ. ಪ್ರಸಾದದ ಪೊಟ್ಟಣ ಕೆಳಗಿಟ್ಟು ಆ ತಗ್ಗನ್ನು ಬೆರಳಿನಿಂದ ಸವರಿದಳು.

“ನಮ್ಮನೆ ಹೊಸ್ತಿಲು ಕಣ್ರೀ ಇದು. ಜೆಸಿಬಿಯವನ ಕಾಲು ಹಿಡ್ದು ಬಿಚ್ಚಿಸ್ಕಂಡಿದ್ದೆ. ಹೊಸ ಮನೆಗೆ ಇಡಾವ ಅಂತ.”

“ನಂಗೊಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಬಿಸಾಕು ಅಂತಿದ್ರಿ.”

ಹೌದು, ಅನ್ನುತ್ತಿದ್ದೆ.

“ಹುಟ್ಟಿದಾಗಿಂದ ದಾಟ್ಕಂಡು ಓಡಾಡಿದ್ರಲ್ಲ, ಒಂದಿನಾನಾದ್ರೂ ಬಗ್ಗಿ ನೋಡಿದ್ರಾ?”

ನಮ್ಮವ್ವನನ್ನು ಕೊನೆಯ ಸಲ ಹೊರಗೆ ತಂದದ್ದು ಅದನ್ನು ದಾಟಿಸಿಯೇ. ಮಗಳು ಭಾನುಪ್ರಿಯ ಗಂಡನ ಮನೆಗೆ ಹೊರಟಾಗ ಅಳುತ್ತಾ ನಿಂತದ್ದೂ ಅಲ್ಲೇ. ದಿನಾ ಬೆಳಿಗ್ಗೆ ಹೆಂಡತಿ ಮಂಡಿಯೂರಿ ಅದನ್ನು ತೊಳೆದು ಅರಿಶಿನ ಹಚ್ಚುವಾಗ ನಾನು ಜಗಲಿಯಲ್ಲಿ ಪೇಪರ್ ಓದುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಮುಕ್ತಿಯಾರ್‌ಗೆ ಫೋನ್ ಮಾಡಿ, ಮತ್ತೆ ಒಂದು ಮಾಡಲಾಗುತ್ತದೆಯೇ ಎಂದು ಕೇಳಿದೆ. ಅವನು “ಕುಯ್ದಾಯ್ತಲ್ಲ ಅಣ್ಣ,” ಎಂದು ಫೋನಿಟ್ಟ.

ಮರುದಿನ ಬೆಳಿಗ್ಗೆ ನಲ್ಲಿಯಿಂದ ಎರಡು ಕೊಡ ನೀರು ತಂದರೆ ವ್ಯಾನಿನ ಬಾಗಿಲಿಗೆ ಒಳಗಿನಿಂದ ಚಿಲಕ.

“ಬಾಗ್ಲು ತೆಗಿಯೇ!”

“ಅದು ಬಾಗ್ಲಲ್ಲ. ಹೊಸ್ತಿಲು ಎಲ್ಲೈತೋ ಅಲ್ಲೇ ಬಾಗ್ಲು. ಈ ಕಡೆ ಬನ್ನಿ.”

ಹೋಗಿ ನೋಡಿದೆ. ಕಿಟಕಿ ಪೂರ್ತಿ ತೆರೆದಿತ್ತು. ತಳದ ಮರಕ್ಕೆ ಅರಿಶಿನ, ಕುಂಕುಮ, ಎರಡು ಚೆಂಡುಹೂ. ಕೆಳಗೆ ನೆಲದ ಮೇಲೆ ರಂಗೋಲಿ, ರಂಗೋಲಿಯ ಪಕ್ಕದಲ್ಲಿ ನನಗಾಗಿ ಒಂದು ಸ್ಟೂಲು. ಒಳಗಡೆ ಇಳಿಯುವುದಕ್ಕೆ ಹೀರೋಯಿನ್ ಕುರ್ಚಿ. ತಮಾಷೆಯಿರಬೇಕೆಂದು ಅವಳ ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ರಾತ್ರಿಯೆಲ್ಲ ಅತ್ತ ಕಣ್ಣುಗಳು.

ಕೊಡ ಕೆಳಗಿಟ್ಟೆ, ಪಂಚೆ ಎತ್ತಿ ಕಟ್ಟಿದೆ, ಸ್ಟೂಲು ಹತ್ತಿದೆ. ಫ್ಯಾಕ್ಟರಿಯ ಮೊದಲ ಪಾಳಿಗೆ ಹೊರಟಿದ್ದ ಹುಡುಗಿಯರು ರಸ್ತೆಯಲ್ಲಿ ನಿಂತರು.

“ತುಳೀಬ್ಯಾಡಿ!” ಎಂದಳು. ಕಾಲು ಎತ್ತರಿಸಿ ಒಳಗೆ ಹಾಕಿದೆ. ಭಾರ ತಡೆಯದೆ ಇನ್ನೇನು ಕೂತುಬಿಡಬೇಕು, “ಹೊಸ್ತಿಲ ಮ್ಯಾಲೆ ಕೂರ್ತಾರೇನ್ರೀ?” ಎಂದಳು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ಕೂರುವ ಹಾಗಿಲ್ಲ, ನಿಲ್ಲುವ ಹಾಗಿಲ್ಲ. ಹುಡುಗಿಯರು ಬಾಯಿಗೆ ವೇಲು ಅಡ್ಡ ಹಿಡಿದರು. ತಲೆಗೆ ತಗಡು ಬಡಿಯದಿರಲೆಂದು ಬಗ್ಗಿದೆ. ಮೂಗಿನ ನೇರಕ್ಕೆ ಆ ತಗ್ಗಿತ್ತು. ನಮ್ಮ ಮನೆಯ ಹೊಸ್ತಿಲನ್ನು ನಾನು ಬಗ್ಗಿ ನೋಡಿದ್ದು ಅದೇ ಮೊದಲು.

“ಎಡಗಾಲು ಹಾಕಿದ್ದೀರಿ,” ಎಂದಳು ಹೆಂಡತಿ, ಮೆಲ್ಲಗೆ. “ಹಿಂದಕ್ಕೆ ತಗಳಿ. ಬಲಗಾಲು ಮೊದ್ಲು.”

ಮದುವೆಯಾಗಿ ಬಂದ ದಿನ ಇದೇ ಹೊಸ್ತಿಲ ಮುಂದೆ ನಿಂತಿದ್ದ ಅವಳಿಗೆ ನಮ್ಮವ್ವ ಹೇಳಿದ್ದೂ ಇದೇ ಮಾತು. ನಾನು ಕೆಳಗಿಳಿದು, ಮತ್ತೆ ಸ್ಟೂಲು ಹತ್ತಿ, ಬಲಗಾಲೆತ್ತಿದೆ.