ಹರಿಹರಕ್ಕೆ ಹೋದ ನಮ್ಮ ಮನೆ ಟಿವಿ

ಟಿವಿಯನ್ನು ಮನೆಯಲ್ಲೇ ಬಿಟ್ಟು, ಅದರೊಳಗಿನ ಕಾರ್ಯಕ್ರಮವನ್ನು ಮಾತ್ರ ಬೇರೆ ಊರಿಗೆ ಕೊಂಡೊಯ್ಯಬಹುದು ಎಂಬುದನ್ನು ದಾವಣಗೆರೆ, ಹರಿಹರ ಪ್ರಾಂತ್ಯದಲ್ಲಿ ಮೊದಲು ಸಾಧಿಸಿ ತೋರಿಸಿದವನು ನಾನು. ಈ ಸಾಧನೆಯನ್ನು ಯಾರೂ ಎಲ್ಲೂ ದಾಖಲಿಸಿಲ್ಲ. ನಮ್ಮ ಮನೆಯವರಂತೂ ಅದು ದಾಖಲಾಗದೆ ಇರಲಿ ಎಂದೇ ಹಾರೈಸುತ್ತಾರೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಮೊಬೈಲ್ ಫೋನನ್ನು ನಾವು ಪತ್ರಿಕೆಯ ಜಾಹೀರಾತಿನಲ್ಲಷ್ಟೇ ನೋಡಿದ್ದೆವು. ವಿದ್ಯಾನಗರದ ನಮ್ಮ ಬಾಡಿಗೆ ಮನೆಯಲ್ಲಿ ಒಂದು ಕಲರ್ ಟಿವಿ, ಅದರ ಪಕ್ಕದ ಸ್ಟೂಲಿನ ಮೇಲೆ ಒಂದು ಫೋನ್ ಇದ್ದವು. ಎರಡನ್ನೂ ಅಕ್ಕಪಕ್ಕ ಇಟ್ಟಿದ್ದಕ್ಕೆ ವೈಜ್ಞಾನಿಕ ಕಾರಣವೇನೂ ಇರಲಿಲ್ಲ. ಎರಡರ ತಂತಿಯೂ ಒಂದೇ ಕಿಟಕಿಯಿಂದ ಒಳಗೆ ಬಂದಿತ್ತು, ಅಷ್ಟೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ವಿದ್ಯುತ್ತಿನ ಬಗ್ಗೆ ನಾನು ಪಾಠ ಮಾಡಿದರೆ ಹಿಂದಿನ ಬೆಂಚಿನವರೂ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಮನೆಯಲ್ಲಿ ಫ್ಯೂಸ್ ಹೋದರೆ ಮಾತ್ರ ನನ್ನ ಹೆಂಡತಿ ಶೈಲಾ ನನಗೆ ಗೊತ್ತಾಗದಂತೆ ಎಲೆಕ್ಟ್ರಿಷಿಯನ್ನನ್ನು ಕರೆಸುತ್ತಿದ್ದಳು.

ನನ್ನ ತಂಗಿ ಉಮಾ ನಿಜಲಿಂಗಪ್ಪ ಬಡಾವಣೆಯ ಒಂದು ಶಾಲೆಯಲ್ಲಿ ಟೀಚರ್. ಅವಳಿಗೆ ಹರಿಹರದ ಸಂಬಂಧ ಕೂಡಿಬಂದಿತ್ತು. ಹುಡುಗ ಮಂಜುನಾಥ ಅಲ್ಲಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಅವರ ಕಡೆಯವರು ಬಂದು ಹುಡುಗಿಯನ್ನು ನೋಡಿ ಒಪ್ಪಿಕೊಂಡು ಹೋಗಿದ್ದರು. ಇನ್ನು ನಾವು ಗಂಡಸರು ಹೋಗಿ ಅವರ ಮನೆ ನೋಡಿ, ಮಾತು ಮುಗಿಸಿಕೊಂಡು ಬರಬೇಕಿತ್ತು. ಅಪ್ಪ ತೀರಿಕೊಂಡ ಮೇಲೆ ಮನೆಯ ಹಿರಿತನ ನನ್ನ ತಲೆಗೇ ಬಂದಿತ್ತು. ನನ್ನ ಜೊತೆಗೆ ಮಾಯಕೊಂಡದಿಂದ ಸೋದರಮಾವ ಹಾಲಪ್ಪ ಬಂದಿದ್ದರು. ಒಳ್ಳೆಯ ದಿನ ನೋಡಿದವರು ಅವರೇ. ಅದು ಕ್ರಿಕೆಟ್ ಫೈನಲ್ ಪಂದ್ಯದ ದಿನ ಎಂಬುದು ಪಂಚಾಂಗದಲ್ಲಿ ಇರಲಿಲ್ಲ.

ಹೊರಡುವಾಗ ಉಮಾ ಸ್ಕೂಟರ್ ಹತ್ತಿರ ಬಂದು ನಿಂತಳು.

“ಅಣ್ಣ, ನಾನು ಕೆಲ್ಸ ಬಿಡಲ್ಲ. ಅದನ್ನ ಮೊದ್ಲೇ ಹೇಳಿಬಿಡು. ಆಮೇಲೆ ಉಳಿದ ಮಾತು.”

“ಅದೊಂದು ವಿಷಯ ಏನವ್ವ? ನನಗೆ ಬಿಡು” ಎಂದೆ.

“ನಿಮಗೇ ಬಿಟ್ರೆ ಹೆಂಗೆ? ಇವತ್ತು ಮ್ಯಾಚ್ ಐತೆ” ಎಂದಳು ಶೈಲಾ.

“ತಂಗಿ ಮದುವಿಗಿಂತ ಮ್ಯಾಚ್ ದೊಡ್ಡದೇನೆ?” ಎಂದು ಗಂಭೀರವಾಗಿ ಕೇಳಿ ಸ್ಕೂಟರ್ ಒದ್ದೆ. ಕೇಳುವಾಗ ನನಗೂ ನಿಜವಾಗಿ ಹಾಗೇ ಅನ್ನಿಸಿತ್ತು.

ಹುಡುಗನ ತಂದೆ ಶಿವಮೂರ್ತೆಪ್ಪನವರದು ಹರಿಹರದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ಮಾತು ಅವರಿಗೆ ಉಸಿರಾಟವಿದ್ದಂತೆ, ನಡುವೆ ನಿಲ್ಲಿಸುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. “ಬರ್ರಿ ಬರ್ರಿ, ಕೂಡ್ರಿ” ಎಂದು ಅವರು ಒಳಗೆ ಕರೆದುಕೊಂಡು ಹೋದಾಗ ನಾನು ಮೊದಲು ಕಂಡದ್ದು ಗೋಡೆ ಪಕ್ಕ ಚಾಲೂ ಇದ್ದ ಟಿವಿ. ಅದರಲ್ಲಿ ಮ್ಯಾಚು. ಈ ಮನೆಗೆ ತಂಗಿಯನ್ನು ಕಣ್ಣು ಮುಚ್ಚಿ ಕೊಡಬಹುದು ಎಂದು ಆ ಕ್ಷಣದಲ್ಲೇ ತೀರ್ಮಾನಿಸಿದೆ. ಮನೆಯ ಉಳಿದ ಭಾಗವನ್ನು ಮಾವ ಒಬ್ಬರೇ ಹೋಗಿ ನೋಡಿಕೊಂಡು ಬಂದರು.

ಶಿವಮೂರ್ತೆಪ್ಪನವರು ತಮ್ಮ ವಂಶದ ಕಥೆ, ಅಂಗಡಿಯ ಕಥೆ, ಮೊಳೆಗಳ ಗುಣಮಟ್ಟ ಕುಸಿದ ಕಥೆ ಎಲ್ಲವನ್ನೂ ಹೇಳುತ್ತಿದ್ದರು. ನಾನು ಕಿವಿಯನ್ನು ಅವರಿಗೂ ಕಣ್ಣನ್ನು ಟಿವಿಗೂ ಕೊಟ್ಟಿದ್ದೆ. ಸ್ವಲ್ಪ ಹೊತ್ತಿನಲ್ಲಿ ಕಿವಿಯೂ ಟಿವಿಯ ಕಡೆಗೇ ಹೋಯಿತು. ನಮ್ಮ ಬ್ಯಾಟ್ಸ್‌ಮನ್ ಒಂದು ಚೆಂಡನ್ನು ಆಕಾಶಕ್ಕೆ ಎತ್ತಿ ಹೊಡೆದ. ಕೆಳಗೆ ಎದುರಾಳಿ ತಂಡದವನೊಬ್ಬ ಎರಡು ಕೈ ಚಾಚಿ ನಿಂತಿದ್ದ. ಸರಿಯಾಗಿ ಅದೇ ಹೊತ್ತಿಗೆ ಶಿವಮೂರ್ತೆಪ್ಪನವರು, “ನಮ್ಮನೇಲಿ ಹೆಣ್ಮಕ್ಕಳು ಹೊರಗೆ ದುಡಿಯೋ ಪ್ರಮೇಯ ಇಲ್ಲ ನೋಡ್ರಿ. ಮದುವಿ ಆದ್ಮೇಲೆ ಹುಡುಗಿ ಕೆಲ್ಸ ಬಿಡ್ಲಿ. ಏನಂತೀರಿ?” ಎಂದರು.

“ಬಿಡ್ಲಿ, ಬಿಡ್ಲಿ, ಬಿಡ್ಲಿ” ಎಂದೆ ನಾನು, ಕೈಮುಗಿದು.

ಅವನು ಕ್ಯಾಚು ಬಿಟ್ಟ.

“ಬಾಳ ಚಲೋ ಆತು” ಎಂದು ತೊಡೆ ತಟ್ಟಿದೆ. ಶಿವಮೂರ್ತೆಪ್ಪನವರು ಇಷ್ಟು ಸಲೀಸಾದ ಬೀಗರನ್ನು ಕಂಡಿರಲಿಲ್ಲ. ಅವರೂ ಸಂತೋಷದಿಂದ ನನ್ನ ಬೆನ್ನು ತಟ್ಟಿದರು. ಮಾವ ನನ್ನನ್ನು ವಿಚಿತ್ರವಾಗಿ ನೋಡಿದರು. ಮಂಜುನಾಥ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕರೆಂಟ್ ಹೋಯಿತು.

ಟಿವಿಯ ಪರದೆ ಕಪ್ಪಾಗಿದ್ದನ್ನು ನೋಡಿ ನಾನೂ ಶಿವಮೂರ್ತೆಪ್ಪನವರೂ ಒಟ್ಟಿಗೆ ನಿಟ್ಟುಸಿರು ಬಿಟ್ಟೆವು. ಅವರೂ ಮ್ಯಾಚಿನ ಹುಚ್ಚಿನವರೇ. ಅವರಿಗೆ ನೋಡುತ್ತಲೇ ಮಾತಾಡುವ ಶಕ್ತಿ ಇತ್ತು, ನನಗೆ ಇರಲಿಲ್ಲ, ವ್ಯತ್ಯಾಸ ಅಷ್ಟೇ.

“ರೇಡಿಯೋ ಇಲ್ಲೇನ್ರಿ?” ಎಂದು ಕೇಳಿದರು ಮಾವ.

“ಐತ್ರಿ. ಸೆಲ್ ಮುಗಿದಾವೆ” ಎಂದ ಮಂಜುನಾಥ. “ಇರ್ರಿ, ತರ್ತೀನಿ. ಅಂಗಡಿ ಇಲ್ಲೇ ಐತೆ.”

ಅವನು ಚಪ್ಪಲಿ ಮೆಟ್ಟಿಕೊಂಡೂ ಆಗಿತ್ತು. ಅವನನ್ನು ಹೋಗಲು ಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂಲೆಯಲ್ಲಿದ್ದ ಅವರ ಫೋನು ನನ್ನ ಕಣ್ಣಿಗೆ ಬಿತ್ತು. ಬಾಂಬೆಯ ನೆಂಟರು ತಂದುಕೊಟ್ಟದ್ದಂತೆ. ಒಂದು ಗುಂಡಿ ಒತ್ತಿದರೆ ಆ ಕಡೆಯವರ ಮಾತು ಇಡೀ ಕೋಣೆಗೆ ಕೇಳುವಂಥದ್ದು.

“ಸೆಲ್ ಯಾಕ?” ಎಂದೆ. “ಕರೆಂಟ್ ಹೋದ್ರೂ ಫೋನ್ ಹೋಗಲ್ಲ. ನಮ್ಮ ಮನೆ ಟಿವಿನ ಇಲ್ಲಿಗೇ ತರಿಸ್ತೀನಿ ನೋಡ್ರಿ.”

ಶಬ್ದದ ಅಲೆಗಳು ವಿದ್ಯುತ್ತಿನ ಅಲೆಗಳಾಗಿ ತಂತಿಯಲ್ಲಿ ಹರಿದು ಮತ್ತೆ ಶಬ್ದವಾಗುವ ತತ್ವವನ್ನು ಎಲ್ಲರಿಗೂ ಸಂಕ್ಷಿಪ್ತವಾಗಿ ವಿವರಿಸಿದೆ. ಮಂಜುನಾಥ ಎಂಜಿನಿಯರ್ ಆಗಿದ್ದರೂ ಮರ್ಯಾದೆಯಿಂದ ಕೇಳಿಸಿಕೊಂಡ. ಆಮೇಲೆ ಮನೆಯ ನಂಬರ್ ಒತ್ತಿ ರಿಸೀವರನ್ನು ಕಿವಿಗಿಟ್ಟುಕೊಂಡೆ.

“ಏನ್ರಿ, ಮಾತು ಮುಗೀತಾ? ಉಮಾ ಕೆಲ್ಸದ್ದು ಹೇಳಿದ್ರಾ?” ಎಂದಳು ಶೈಲಾ.

“ಅದೆಲ್ಲ ಆಗ್ತೈತೆ. ನೀನು ಮ್ಯಾಚ್ ಹಾಕಿ, ಟಿವಿ ಸೌಂಡ್ ಜೋರು ಮಾಡಿ, ರಿಸೀವರ್ ಅದರ ಮುಂದೆ ಇಡು. ಇಟ್ಟಲ್ಲಿಂದ ಎತ್ತಬ್ಯಾಡ.”

“ನಿಮಗೇನು ಹುಚ್ಚಾ?”

“ಬೀಗರಿಗೆ ಬೇಕಾಗೈತೆ.”

ಆ ಕಡೆ ರಿಸೀವರನ್ನು ಇಡಬೇಕಾದದ್ದಕ್ಕಿಂತ ಜೋರಾಗಿ ಇಟ್ಟ ಸದ್ದು. ನಾನು ಸ್ಪೀಕರಿನ ಗುಂಡಿ ಒತ್ತಿದೆ. ಕ್ರೀಡಾಂಗಣದ ಗದ್ದಲವೆಲ್ಲ ಹರಿಹರದ ಆ ಪಡಸಾಲೆಗೆ ಬಂದು ತುಂಬಿತು. ಸ್ಪೀಕರಿನ ವಿಷಯವನ್ನು ನಾನು ಶೈಲಾಗೆ ಹೇಳಲಿಲ್ಲ. ಹೇಳಬೇಕು ಎಂದು ಹೊಳೆಯಲೂ ಇಲ್ಲ.

“ಮೇಷ್ಟ್ರೇ, ನಿಮ್ಮಂಥೋರು ಬೀಗರಾಗಕ್ಕೆ ಪುಣ್ಯ ಮಾಡಿರಬೇಕು” ಎಂದರು ಶಿವಮೂರ್ತೆಪ್ಪ. ನಾನು ಇಂಗ್ಲಿಷ್ ವಿವರಣೆಯನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಾ ಹೋದೆ. ಉಪನ್ಯಾಸಕನಾಗಿ ನನಗೆ ಅಷ್ಟು ಏಕಾಗ್ರತೆಯ ಶ್ರೋತೃಗಳು ಹಿಂದೆಂದೂ ಸಿಕ್ಕಿರಲಿಲ್ಲ.

ಇದ್ದಕ್ಕಿದ್ದಂತೆ ಕ್ರೀಡಾಂಗಣ ಮಾಯವಾಯಿತು. ಫೋನಿನೊಳಗೆ ಯಾರೋ ಹೆಂಗಸು ಬಿಕ್ಕಿ ಬಿಕ್ಕಿ ಅಳತೊಡಗಿದಳು.

“ಯಾರು ಔಟಾದ್ರು?” ಎಂದರು ಶಿವಮೂರ್ತೆಪ್ಪ, ಗಾಬರಿಯಿಂದ.

ಅಡಿಗೆಮನೆಯಿಂದ ಮೆಣಸಿನಕಾಯಿ ಬಜ್ಜಿಯ ತಟ್ಟೆ ಹಿಡಿದು ಬರುತ್ತಿದ್ದ ಅವರ ಹೆಂಡತಿ ಗಿರಿಜಮ್ಮ ಅಲ್ಲೇ ನಿಂತರು. “ಅದು ಮಧ್ಯಾಹ್ನದ ಧಾರಾವಾಹಿ. ಸೊಸೇನ ಮನೆಯಿಂದ ಹೊರಗೆ ಹಾಕಿದಾರೆ” ಎಂದು ತಟ್ಟೆ ಇಟ್ಟು ಫೋನಿನ ಪಕ್ಕದಲ್ಲೇ ಕೂತರು.

ಮ್ಯಾಚಿನ ಮಧ್ಯೆ ಚಾನೆಲ್ ಬದಲಿಸುವ ಧೈರ್ಯ ನಮ್ಮ ಮನೆಯಲ್ಲಿ ಒಬ್ಬರಿಗೇ ಇತ್ತು. ಅದು ನನ್ನ ತಾಯಿ. “ಕಟ್ ಮಾಡಿ ಮತ್ತೆ ಹಚ್ತೀನಿ” ಎಂದು ನಾನು ಫೋನಿಗೆ ಕೈ ಹಾಕಿದೆ. ಒಂದು ಕಡೆಯಿಂದ ಶಿವಮೂರ್ತೆಪ್ಪ ನನ್ನ ಕೈ ಹಿಡಿದುಕೊಂಡು, “ಕಟ್ ಮಾಡಿದ್ರೆ ಲೈನ್ ಮತ್ತೆ ಸಿಗ್ತದೋ ಇಲ್ಲೋ. ಈಗ ಮ್ಯಾಚ್ ಹಾಕ್ತಾರೆ ತಡೀರಿ” ಎಂದರು. ಇನ್ನೊಂದು ಕಡೆಯಿಂದ ಗಿರಿಜಮ್ಮ, “ಇರ್ಲಿ ಬಿಡ್ರಿ, ಸೊಸೆ ಏನ್ ಮಾಡ್ತಾಳೆ ನೋಡಾಣ” ಎಂದರು.

ಸೊಸೆ ಏನು ಮಾಡಿದಳೋ ತಿಳಿಯಲಿಲ್ಲ. ಜಾಹೀರಾತು ಬಂದಿರಬೇಕು, ಯಾರೋ ಟಿವಿಯ ಸದ್ದು ತಗ್ಗಿಸಿದರು. ಆಗ ಹರಿಹರದ ಪಡಸಾಲೆಯಲ್ಲಿ ನಮ್ಮವ್ವನ ದನಿ ಸ್ಪಷ್ಟವಾಗಿ ಕೇಳಿಸಿತು.

“ಇನ್ನೂ ಬರಲಿಲ್ಲಲ್ಲೇ ನಿನ್ನ ಗಂಡ. ಆ ಹುಡುಗನ ಅಪ್ಪ ಮಾತಿಗೆ ಹಿಡಕೊಂಡ್ರೆ ಬಿಡಲ್ಲಂತೆ.”

“ಹೂಂ ಅತ್ತೆ” ಎಂದಿತು ಶೈಲಾಳ ದನಿ. “ಅವತ್ತು ಅವ್ರು ಬಂದು ಹೋದ್ಮೇಲೆ ಇವ್ರೇ ಹೇಳಿದ್ರು, ಆ ಮನುಷ್ಯ ನಿದ್ದೇಲೂ ಮಾತಾಡ್ತಿರಬೇಕು, ಪಾಪ ಆ ಯಮ್ಮ ಕಿವಿಗೆ ಹತ್ತಿ ಇಟ್ಕೊಂಡೇ ಮಲಗ್ತಾರೇನೋ ಅಂತ.”

ನಾನು ಫೋನಿನ ಮೇಲೆ ಬಗ್ಗಿ “ಶೈಲಾ, ಏ ಶೈಲಾ” ಎಂದು ಕೂಗಿದೆ. ಟಿವಿಯ ಕಡೆ ಮುಖ ಮಾಡಿ ಮಲಗಿದ್ದ ರಿಸೀವರಿನಿಂದ ಆ ಕೂಗು ಯಾರ ಕಿವಿಗೂ ಮುಟ್ಟಲಿಲ್ಲ. ಶಬ್ದದ ಅಲೆಗಳ ಬಗ್ಗೆ ನಾನು ಕೊಟ್ಟಿದ್ದ ವಿವರಣೆಯಲ್ಲಿ ಈ ಅಂಶ ಬಿಟ್ಟುಹೋಗಿತ್ತು. ಶಿವಮೂರ್ತೆಪ್ಪ ಜೀವನದಲ್ಲಿ ಮೊದಲ ಬಾರಿಗೆ ಸುಮ್ಮನೆ ಕೂತಿದ್ದರು. ಗಿರಿಜಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಅವರ ಭುಜ ಕುಲುಕುತ್ತಿತ್ತು. ಅದು ಅಳುವೋ ನಗುವೋ ಎಂದು ನೋಡುವ ಧೈರ್ಯ ನನಗಾಗಲಿಲ್ಲ. ಮಾವ ಒಂದು ಬಜ್ಜಿ ತೆಗೆದುಕೊಂಡರು.

ಮತ್ತೆ ಗುಂಡಿಯ ಕಡೆ ಕೈ ಚಾಚಿದೆ. ಈ ಸಲ ಗಿರಿಜಮ್ಮನೇ ತಡೆದರು. ಆಗ ಉಮಾಳ ದನಿ ಬಂತು.

“ಅತ್ತಿಗೆ, ಅಣ್ಣ ನನ್ನ ಕೆಲ್ಸದ ವಿಷಯ ಹೇಳಿರ್ತಾನಾ?”

“ಅಲ್ಲಿ ಟಿವಿ ಇತ್ತು ಅಂದ್ರೆ ಹೇಳಿರಲ್ಲ ಬಿಡು.”

“ಹುಡುಗ ನನಗೆ ಇಷ್ಟ ಆಗಿದಾನೆ ಅತ್ತಿಗೆ, ಸುಳ್ಳು ಯಾಕ ಹೇಳಲಿ. ಅವತ್ತು ಕಾಫಿ ಕುಡಿದು ಲೋಟ ತಾನೇ ಒಳಗೆ ತಂದು ಇಟ್ಟ. ನಮ್ಮನೇಲಿ ಯಾವ ಗಂಡಸ್ರೂ ಇಟ್ಟಿದ್ದು ನಾನು ನೋಡಿಲ್ಲ. ಆದ್ರೆ ನನ್ನ ಮೂರನೇ ಕ್ಲಾಸಿನ ಹುಡುಗ್ರನ್ನ ಬಿಟ್ಟು ಮನೇಲಿ ಕೂರೋದು ನನ್ನ ಕೈಲಾಗಲ್ಲ. ಇದನ್ನ ಮುಚ್ಚಿಟ್ಟು ಮದುವಿ ಆಗೋದೂ ಬ್ಯಾಡ. ಅಣ್ಣ ಹೇಳದೆ ಬಂದ್ರೆ ನಾನೇ ನಾಳೆ ಹರಿಹರದ ಬಸ್ ಹತ್ತಿ ಹೋಗಿ ಹೇಳ್ತೀನಿ. ಒಪ್ಪಲಿಲ್ಲ ಅಂದ್ರೆ ಆತು, ಬ್ಯಾಡ.”

ಮಂಜುನಾಥ ತನ್ನ ಮುಂದಿದ್ದ ಖಾಲಿ ಕಾಫಿ ಲೋಟವನ್ನು ನೋಡಿದ. ಆಮೇಲೆ ಅದನ್ನು ಎತ್ತಿಕೊಂಡು ಒಳಗೆ ಇಟ್ಟು ಬಂದ. ನಾನು ನನ್ನ ಲೋಟವನ್ನು ಮೆಲ್ಲಗೆ ಕುರ್ಚಿಯ ಹಿಂದಕ್ಕೆ ಸರಿಸಿದೆ.

ಫೋನಿನಲ್ಲಿ ಗರಗರ ಸದ್ದಾಯಿತು. ಯಾರೋ ರಿಸೀವರ್ ಎತ್ತಿದರು.

“ಏನ್ರಿ, ಮ್ಯಾಚ್ ಕೇಳಿಸ್ತಿತ್ತಾ? ಅತ್ತೆ ಚಾನೆಲ್ ಬದಲಾಯಿಸಿದ್ರು” ಎಂದಳು ಶೈಲಾ.

ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಿಜಮ್ಮ ಫೋನನ್ನು ತಮ್ಮ ಕಡೆ ಎಳೆದುಕೊಂಡರು. “ನಾನವ್ವ, ಗಿರಿಜಮ್ಮ. ಹುಡುಗನ ತಾಯಿ. ಎಲ್ಲಾ ಚೆನ್ನಾಗಿ ಕೇಳಿಸ್ತು. ಉಮಾಗೆ ಫೋನ್ ಕೊಡು.”

ದಾವಣಗೆರೆಯಲ್ಲಿ ಟಿವಿ ಆಫಾದ ಸದ್ದು ಕೇಳಿಸಿತು.

“ಮ್ಯಾಚು?” ಎಂದರು ಶಿವಮೂರ್ತೆಪ್ಪ, ಬಹಳ ಸಣ್ಣ ದನಿಯಲ್ಲಿ.

ಗಿರಿಜಮ್ಮ ಸ್ಪೀಕರನ್ನು ಆರಿಸಿ ರಿಸೀವರನ್ನು ಕಿವಿಗೆ ಹಿಡಿದು ನಮಗೆ ಬೆನ್ನು ಹಾಕಿ ಕೂತರು. ಹೂಂ, ಊಹೂಂ, ಹೌದಾ, ಆತು ಎಂಬ ಮಾತುಗಳು ಮಾತ್ರ ನಮಗೆ ಸಿಕ್ಕವು. ತಂಗಿಯ ಮದುವೆ ಉಳಿಯಿತೋ ಮುರಿಯಿತೋ ತಿಳಿಯದೆ ನಾನು ಆ ಬೆನ್ನನ್ನೇ ನೋಡುತ್ತಾ ಕೂತೆ. ಅವ್ವನಿಗೆ ಏನು ಹೇಳಲಿ ಎಂಬುದೇ ಚಿಂತೆ. ಸ್ಕೋರ್ ಎಷ್ಟಾಯಿತು ಎಂಬುದು ಆಗ ನಿಜವಾಗಿಯೂ ನೆನಪಿಗೆ ಬರಲಿಲ್ಲ.

ಕೊನೆಗೆ ಅವರು ರಿಸೀವರ್ ಇಟ್ಟು ಈ ಕಡೆ ತಿರುಗಿದರು. “ಹುಡುಗಿ ಕೆಲ್ಸ ಬಿಡಲ್ಲ. ನಾನೂ ಬಿಡು ಅನ್ನಲ್ಲ. ಇಲ್ಲಿಂದ ದಾವಣಗೆರೆಗೆ ಬಸ್ಸಿಗೇನು ಬರ ಇಲ್ಲ, ಓಡಾಡ್ಲಿ.”

“ಅಲ್ಲ, ಮೇಷ್ಟ್ರೇ ಬಿಡ್ಲಿ ಅಂದ್ರಲ್ಲ” ಎಂದರು ಶಿವಮೂರ್ತೆಪ್ಪ.

“ಅವ್ರು ಅಂದಿದ್ದು ಕ್ಯಾಚಿಗೆ. ನಾನು ಬಾಗಿಲಾಗೆ ನಿಂತು ನೋಡ್ತಿದ್ದೆ” ಎಂದರು ಗಿರಿಜಮ್ಮ. “ನೀನೇನಂತೀಯೋ ಮಂಜು?”

“ಕರೆಂಟ್ ಹೋಗೋ ಮೊದ್ಲು ಅದನ್ನೇ ಹೇಳಕ್ಕೆ ಹೋಗಿದ್ದೆ. ಅವ್ರು ಕೆಲ್ಸ ಬಿಡೋದು ಬ್ಯಾಡ” ಎಂದ ಮಂಜುನಾಥ.

ಶಿವಮೂರ್ತೆಪ್ಪ ನನ್ನ ಕಡೆ ನೋಡಿದರು. ಅವರ ನಿದ್ದೆಯ ಬಗ್ಗೆ ಏನಾದರೂ ಕೇಳುತ್ತಾರೆ ಎಂದು ನಾನು ಎದುರು ನೋಡಿದೆ. ಅವರು ಬಜ್ಜಿಯ ತಟ್ಟೆಯನ್ನು ನನ್ನ ಮುಂದೆ ತಳ್ಳಿ, “ತಿನ್ರಿ. ನಾನೇನು ಮಾತಾಡಲ್ಲ” ಎಂದರು.

ವಾಪಸು ಬರುವಾಗ ಮಾವ ಸ್ಕೂಟರಿನ ಹಿಂದೆ ಕೂತಿದ್ದರು. ಊರು ಹತ್ತಿರವಾದಾಗ, “ಎಲ್ಲಾ ಚಲೋ ಆತು ಬಿಡು. ನೀನು ಬರದೆ ಇದ್ದಿದ್ರೆ ಇನ್ನೂ ಬೇಗ ಆಗ್ತಿತ್ತು” ಎಂದರು.

ಮನೆಯಲ್ಲಿ ಅವ್ವ ನನ್ನ ಮುಖ ನೋಡಲಿಲ್ಲ. ಉಮಾ ಒಂದೇ ಪ್ರಶ್ನೆ ಕೇಳಿದಳು. “ಲೋಟದ ಮಾತು ಅವ್ರೂ ಕೇಳಿದ್ರಾ ಅಣ್ಣ?” ಮಂಜುನಾಥನೂ ಕೇಳಿಸಿಕೊಂಡ, ಎಂದೆ. ಅವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ನಗು ಕೇಳಿಸಿತು. ಶೈಲಾ ಮಾತ್ರ ಆವತ್ತಿನಿಂದ ನಾನು ಎಲ್ಲಿಂದ ಫೋನ್ ಮಾಡಿದರೂ ಹಲೋ ಎನ್ನುವುದನ್ನು ಬಿಟ್ಟು, “ಒಬ್ರೇ ಇದೀರಾ?” ಎಂದು ಕೇಳಲು ಶುರುಮಾಡಿದಳು.

ಮದುವೆ ದಾವಣಗೆರೆಯಲ್ಲೇ ಆಯಿತು. ಅಕ್ಷತೆ ಬಿದ್ದ ಮೇಲೆ ಹಿರಿಯರೊಬ್ಬರು ವಧೂವರರಿಗೆ ನಾಲ್ಕು ಮಾತು ಹೇಳಲು ಮೈಕ್ ಹಿಡಿದರು. ಅದು ಕೀಂಯ್ ಎಂದು ಅರಚಿ ಸುಮ್ಮನಾಯಿತು. ಮೈಕಿನವನು ಊಟಕ್ಕೆ ಹೋಗಿದ್ದ. ಮುಂದಿನ ಸಾಲಿನಲ್ಲಿ ಕೂತಿದ್ದ ನಾನು, ಮನೆಯ ಹಿರಿಯ ಮಗ, ಮೇಲಾಗಿ ಭೌತಶಾಸ್ತ್ರದ ಉಪನ್ಯಾಸಕ, ಸಹಜವಾಗಿ ಎದ್ದು ನಿಂತೆ.

ವೇದಿಕೆಯಿಂದ ಶಿವಮೂರ್ತೆಪ್ಪ, ಪಕ್ಕದಿಂದ ಶೈಲಾ, ಹಿಂದಿನಿಂದ ಮಾವ, ಹಸೆಮಣೆಯ ಮೇಲಿಂದ ಸ್ವತಃ ಮದುಮಗಳು, ಎಲ್ಲರೂ ಒಟ್ಟಿಗೆ ನನಗೆ ಕೂರಲು ಹೇಳಿದರು.

ಕೂತೆ. ಮೈಕು ತನ್ನಷ್ಟಕ್ಕೆ ತಾನೇ ಸರಿಯಾಯಿತು.