ನಾಲ್ಕು ಕಾಲಿನ ಸೈಲೆನ್ಸರ್

ಟೈಲರಣ್ಣ ಕೀಲಿ ತಿರುಗಿಸಿದ್ದು ಒಂದೇ ಸಲ. ಅಷ್ಟಕ್ಕೇ ಎದುರು ಮನೆಯ ಅಜ್ಜಿಯ ಹಲ್ಲಿನ ಸೆಟ್ಟು ಲೋಟದ ಸಮೇತ ಕಿಟಕಿಯಿಂದ ಕೆಳಗೆ ಬಿತ್ತು. ಪಕ್ಕದ ಮನೆಯಲ್ಲಿ ಗಡ್ಡ ಮಾಡಿಕೊಳ್ಳುತ್ತಿದ್ದ ನಿವೃತ್ತ ಹೆಡ್‌ಮಾಸ್ಟರು ಬೆಚ್ಚಿಬಿದ್ದು ಅರ್ಧ ಮೀಸೆ ಕಳೆದುಕೊಂಡರು.

ಅಷ್ಟು ಸದ್ದು ಮಾಡಿದ್ದು ಟೈಲರಣ್ಣನ ಕಾರು. ಗುಜರಿಯಿಂದ ತಂದ ಹಳೇ ಕಾರಿನ ತಲೆ ಕೊಯ್ದು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿಸಿ, ಜೀಪಿನ ಎಂಜಿನ್ ಕೂರಿಸಿ, ಬಾನೆಟ್ಟೇ ಇಲ್ಲದ ಹಾಗೆ ಅವನೇ ಹಿತ್ತಲಲ್ಲಿ ಕಟ್ಟಿದ್ದ. ಇಂಥದ್ದಕ್ಕೆ ಹಾಟ್ ರಾಡ್ ಅಂತಾರೆ ಎಂದು ಅವನು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದ. ಜೀವಮಾನವಿಡೀ ಬೇರೆಯವರ ಅಳತೆಗೆ ಹೊಲಿದವನಿಗೆ, ತನ್ನ ಅಳತೆಗೂ ಏನಾದರೂ ಒಂದು ಇರಲಿ ಅನ್ನುವ ಆಸೆ. ಎಲ್ಲ ಆಗಿತ್ತು, ಸೈಲೆನ್ಸರ್ ಒಂದು ಬಿಟ್ಟು.

ಹೆಡ್‌ಮಾಸ್ಟರು ಉಳಿದರ್ಧ ಮೀಸೆಯನ್ನು ಹಾಗೇ ಇಟ್ಟುಕೊಂಡು ಸಾರಿಗೆ ಕಚೇರಿಗೆ ಹೋಗಿ, ಅದನ್ನೇ ಸಾಕ್ಷಿಯಾಗಿ ತೋರಿಸಿ ದೂರು ಕೊಟ್ಟರು. ಇವತ್ತು ಇನ್ಸ್‌ಪೆಕ್ಟರು ಬರುವವರಿದ್ದರು. ಸದ್ದು ಇಳಿದಿರದಿದ್ದರೆ ಕಾರು ಬಂದ ದಾರಿಯಲ್ಲೇ ಗುಜರಿಗೆ ವಾಪಸ್.

ಬೆಳಿಗ್ಗೆಯೇ ಟೈಲರಣ್ಣ ಅಂಗಡಿಗೆ ಬೀಗ ಹಾಕಿ, ಬಾಡಿಗೆಗೆ ವೆಲ್ಡಿಂಗ್ ಸೆಟ್ ತಂದ. ವೆಲ್ಡರನ್ನು ಕಳಿಸುತ್ತೇನೆಂದು ಭಾಮೈದ ಮಾತು ಕೊಟ್ಟಿದ್ದ. ಅವನು ಬರುವಷ್ಟರಲ್ಲಿ ಪೈಪು ಕತ್ತರಿಸಿಟ್ಟರಾಯಿತು ಎಂದು ಟೈಲರಣ್ಣ ಟೇಪು ಹಿಡಿದು ಕೂತ.

"ಇದರಲ್ಲೇನಿದೆ? ಎಂಜಿನ್ನಿಂದ ನಾಲ್ಕು ಪೈಪು ಹೊರಗೆ ಬರುತ್ತೆ, ಆಮೇಲೆ ಒಂದಾಗುತ್ತೆ. ನಾಲ್ಕು ಕಾಲಿನ ಪ್ಯಾಂಟು ಅಷ್ಟೇ!" ಎಂದು ಹೆಂಡತಿಗೆ ವಿವರಿಸಿದ.

"ಎರಡು ಕಾಲಿಂದೇ ನೀವು ಹೇಳಿದ ದಿನಕ್ಕೆ ಕೊಟ್ಟಿಲ್ಲ," ಎಂದು ಅವಳು ಒಳಗೆ ಹೋದಳು.

ಅವನು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಭ್ಯಾಸಬಲದಿಂದ ಪ್ರತಿ ಪೈಪಿಗೂ ಮಡಿಕೆಗೆಂದು ಎರಡು ಬೆರಳು ಜಾಸ್ತಿ ಬಿಟ್ಟು ಕೊಯ್ದ. ಕಬ್ಬಿಣ ಮಡಚಲು ಬರುವುದಿಲ್ಲ ಅನ್ನುವುದು ಕೊಯ್ದ ಮೇಲೆ ಹೊಳೆಯಿತು. ನಾಲ್ಕೂ ಪೈಪುಗಳು ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಒಂದೊಂದು ದಿಕ್ಕಿಗೆ ಮುಖ ಮಾಡಿ ನಿಂತವು.

ಆಗ ಗೇಟಿನ ಹತ್ತಿರ ನಡುವಯಸ್ಸಿನ ಒಬ್ಬ ಮನುಷ್ಯ ಕಾಣಿಸಿಕೊಂಡ. ಕೈತುಂಬ ಗ್ರೀಸು, ಅಂಗಿಯ ಮೇಲೆ ಎಣ್ಣೆಯ ಕಲೆ.

"ಕಾರಿಂದು ಕೆಲಸ ಇತ್ತಲ್ಲ, ಅದಕ್ಕೇ ನಾನು..."

"ಬಾರಪ್ಪಾ ಬಾ! ಇಷ್ಟೊತ್ತಿಗಾ ಬರೋದು? ಹಿಡ್ಕೋ ಈ ಪೈಪು!"

"ಅಲ್ಲ ಸ್ವಾಮಿ, ನಾನು ಆಫೀಸಿಂದ..."

"ಆಫೀಸು ಗೀಫೀಸು ಆಮೇಲೆ. ಇನ್ಸ್‌ಪೆಕ್ಟರು ಬಂದ್ಬಿಟ್ರೆ ನನ್ನ ಕತೆ ಮುಗೀತು. ಹಿಡ್ಕೋ ಅಂದ್ರೆ!"

ಆ ಮನುಷ್ಯ ಬಾಯಿ ತೆರೆದ. ಅಷ್ಟರಲ್ಲಿ ಪೈಪಿನ ಇನ್ನೊಂದು ತುದಿ ಅವನ ಕಾಲ ಮೇಲೆ ಬೀಳುವುದರಲ್ಲಿತ್ತು, ಹಿಡಿದುಕೊಂಡ.

ಮುಂದಿನದು ಟೈಲರಣ್ಣನ ಸ್ವಂತ ಉಪಾಯ. ಸದ್ದು ಅಡಗಬೇಕಾದರೆ ಸೈಲೆನ್ಸರಿನ ಡಬ್ಬಿಯೊಳಗೆ ಮೆತ್ತಗಿರುವುದೇನಾದರೂ ತುಂಬಬೇಕು ತಾನೇ? ಹಾಸಿಗೆಯ ಮೇಲಿದ್ದ ಎರಡು ದಿಂಬು ತಂದು ಬಿಚ್ಚಿದ.

"ಅಯ್ಯೋ, ಹತ್ತಿ ಬೇಡಿ, ಅದು..." ಎಂದ ಬಂದವನು.

"ನೀನು ಸುಮ್ನಿರಪ್ಪ. ಹತ್ತಿ ವಿಚಾರ ಟೈಲರಿಗೆ ಹೇಳಿಕೊಡ್ತೀಯಾ?"

ಪೈಪುಗಳನ್ನು ತಂತಿಯಲ್ಲಿ ಬಿಗಿದು, ಡಬ್ಬಿಗೆ ಹತ್ತಿ ತುರುಕಿ, ಕೀಲಿ ತಿರುಗಿಸಿದ. ಮೊದಲು ನಿಜವಾಗಿಯೂ ಸದ್ದಿರಲಿಲ್ಲ. ಟೈಲರಣ್ಣನ ಮುಖ ಅರಳಿತು. ಆಮೇಲೆ ಕಾರು ಒಮ್ಮೆ ಬಿಕ್ಕಿತು, ಇನ್ನೊಮ್ಮೆ ಕೆಮ್ಮಿತು, ಕೊನೆಗೆ ಫಟಾರ್ ಎಂದು ಸೀನಿತು. ಹೊಗೆಯಾಡುವ ಹತ್ತಿಯ ಉಂಡೆಗಳು ಕಾಂಪೌಂಡು ಹಾರಿ, ಹೆಡ್‌ಮಾಸ್ಟರು ಒಣಹಾಕಿದ್ದ ಬಿಳಿ ಪಂಚೆಗಳ ಮೇಲೆ ಹೋಗಿ ಕೂತವು.

"ಏನಯ್ಯಾ ಇದು! ಮೀಸೆ ಆಯ್ತು, ಈಗ ಪಂಚೆನಾ?" ಹೆಡ್‌ಮಾಸ್ಟರು ಬಕೆಟ್ಟು ನೀರಿನೊಂದಿಗೆ ಓಡಿಬಂದು, ಅರ್ಧ ಪಂಚೆಗೂ ಅರ್ಧ ಟೈಲರಣ್ಣನಿಗೂ ಸುರಿದರು.

"ನನ್ನ ದಿಂಬು!" ಎಂದು ಒಳಗಿನಿಂದ ಹೆಂಡತಿಯ ದನಿ ಬಂತು.

"ಏನೋ ಮಗಾ, ಹಬೆಯಾಡ್ತಿದೆಯಲ್ಲ, ಏನು ಬೇಯಿಸ್ತಿದ್ದೀಯಾ?" ಎಂದು ಅಜ್ಜಿ ಕಿಟಕಿಯಿಂದ ವಿಚಾರಿಸಿದರು.

ಇದನ್ನೆಲ್ಲ ನೋಡುತ್ತಿದ್ದ ಆ ಮನುಷ್ಯನಿಗೆ ಇನ್ನು ತಡೆಯಲಾಗಲಿಲ್ಲ. ತೋಳು ಮಡಚಿ, ಟೈಲರಣ್ಣನ ಕೈಯಿಂದ ವೆಲ್ಡಿಂಗ್ ಹಿಡಿ ಕಿತ್ತುಕೊಂಡ. "ಸರೀರಿ ಆಕಡೆ. ನೋಡಿ ಹೊಟ್ಟೆ ಉರೀತಿದೆ."

ಆಮೇಲೆ ಹಿತ್ತಲಲ್ಲಿ ನಡೆದದ್ದನ್ನು ಬೀದಿಯವರೆಲ್ಲ ಕಾಂಪೌಂಡಿಗೆ ಒರಗಿ ನೋಡಿದರು. ಅವನು ಪೈಪುಗಳನ್ನು ಓರೆಯಾಗಿ ಕೊಯ್ದು ಬಾಗಿಸಿದ. ಮೊದಲು ಅಲ್ಲಲ್ಲಿ ಚುಕ್ಕಿಯಷ್ಟೇ ಬೆಸೆದು ಕೂಡಿಸಿದ. "ಓ, ಕಚ್ಚಾ ಹೊಲಿಗೆ!" ಎಂದ ಟೈಲರಣ್ಣ. ತೂತು ಕೊರೆದ ಪೈಪಿಗೆ ಬೆಂಕಿ ಹಿಡಿಯದ ಗಾಜಿನ ಉಣ್ಣೆ ಸುತ್ತಿ ಡಬ್ಬಿಯೊಳಗಿಟ್ಟು ಬಾಯಿ ಬೆಸೆದ. ಊಟಕ್ಕೆ ಕರೆದರೂ ಏಳಲಿಲ್ಲ. ಇಟ್ಟಿಗೆಯ ಮೇಲೇರಿಸಿದ ಕಾರಿನಡಿ ಮಲಗಿ, ಕಿಡಿಗಳ ನಡುವೆ, ಏನೋ ಗುನುಗುತ್ತಿದ್ದ.

ಸಂಜೆ ಹೊತ್ತಿಗೆ ಗೇಟಿನ ಮುಂದೆ ಒಂದು ಕಾರು ನಿಂತಿತು. ಇಸ್ತ್ರಿ ಮಾಡಿದ ಸೂಟು, ಕಪ್ಪು ಕನ್ನಡಕ, ಮಿಂಚುವ ಬೂಟು. ಬಂದವರು ಇನ್ಸ್‌ಪೆಕ್ಟರೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಟೈಲರಣ್ಣ ಬಾಗಿದ ರಭಸಕ್ಕೆ ಜೇಬಿನಲ್ಲಿದ್ದ ಕತ್ತರಿ ಕೆಳಗೆ ಬಿತ್ತು. ಹೆಡ್‌ಮಾಸ್ಟರು ತಮ್ಮ ಮನೆಯಿಂದಲೇ ಕುರ್ಚಿ ತಂದರು. ಹೆಂಡತಿ ನಿಂಬೆ ಶರಬತ್ತು ಕೊಟ್ಟಳು.

"ಸಾರ್, ಒಂದ್ಸಲ ಕೇಳಿಬಿಡಿ," ಎಂದು ಟೈಲರಣ್ಣ ಕೀಲಿ ತಿರುಗಿಸಿದ.

ಕಾರು ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ಅಷ್ಟೇ. ಹೆಡ್‌ಮಾಸ್ಟರು ಕಿವಿ ಹತ್ತಿರ ತಂದು, "ಭೇಷ್! ನಂದು ಯಾವ ತಕರಾರೂ ಇಲ್ಲ," ಎಂದುಬಿಟ್ಟರು. "ಇನ್ನೂ ಶುರು ಮಾಡಿಲ್ವೇನೋ?" ಎಂದರು ಅಜ್ಜಿ.

ಸೂಟಿನವರು ಶರಬತ್ತು ಮುಗಿಸಿ ತಲೆದೂಗಿದರು. "ಬಹಳ ಚೆನ್ನಾಗಿದೆ."

"ಹಾಗಾದ್ರೆ ಪಾಸ್ ಅಂತ ಸಹಿ ಹಾಕಿಬಿಡ್ತೀರಾ ಸಾರ್?"

"ಸಹಿನಾ? ನಾನು ವೆಲ್ಡರ್ ರೀ. ನಿಮ್ಮ ಭಾಮೈದ ಕಳಿಸಿದ್ದು. ನೆಂಟರ ಮದುವೆ ಇತ್ತು, ಮುಗಿಸ್ಕೊಂಡು ಹಾಗೇ ಬಂದೆ. ಲೇಟಾಯ್ತು, ಬೇಜಾರು ಮಾಡ್ಕೋಬೇಡಿ."

ಎಲ್ಲರ ಕಣ್ಣೂ ಮೆಲ್ಲಗೆ ಕಾರಿನ ಕೆಳಗೆ ಹೋಯಿತು. ಅಲ್ಲಿಂದ ಮೊದಲು ಎರಡು ಕಾಲು, ಆಮೇಲೆ ಮಸಿ ಹಿಡಿದ ಒಂದು ಮುಖ ಹೊರಗೆ ಬಂತು.

"ಹಾಗಾದ್ರೆ... ನೀನು... ತಾವು?" ಎಂದ ಟೈಲರಣ್ಣ.

"ಇನ್ಸ್‌ಪೆಕ್ಟರ್. ದಾರೀಲಿ ಬೈಕ್ ಚೈನು ಕಳಚ್ಕೊಂಡಿತ್ತು, ಹಾಕ್ಕೊಂಡು ಬಂದೆ. ಹೇಳೋಕೆ ಎಷ್ಟು ಸಲ ಬಾಯಿ ತೆಗೆದೆ, ನೀವು ಬಿಟ್ರಾ?" ಅವರು ಸಂಕೋಚದಿಂದ ಕೈ ಒರೆಸಿಕೊಂಡರು. "ನಿಜ ಹೇಳ್ಬೇಕು ಅಂದ್ರೆ, ಗ್ಯಾರೇಜು ಬಿಟ್ಟು ಆಫೀಸು ಸೇರಿದ ಮೇಲೆ ಕೈಯಲ್ಲಿ ಪೆನ್ನು ಬಿಟ್ಟು ಬೇರೆ ಏನೂ ಹಿಡಿದಿರಲಿಲ್ಲ. ಒಂದ್ಸಲ ಹಿಡಿದ ಮೇಲೆ ಬಿಡೋಕೆ ಮನಸ್ಸಾಗಲಿಲ್ಲ."

ಟೈಲರಣ್ಣ ಅಲ್ಲೇ ಕುಣಿಯುವುದೊಂದು ಬಾಕಿ. "ಹಾಗಿದ್ರೆ ಇನ್ನೇನು ಸಾರ್! ತಮ್ಮ ಕೈಯಿಂದಾನೇ ಆಗಿದೆ, ತಮ್ಮ ಕೈಯಿಂದಾನೇ ಸಹಿ!"

"ಅದೇ ಬಂದಿರೋ ತೊಂದರೆ," ಎಂದರು ಇನ್ಸ್‌ಪೆಕ್ಟರು. "ನಾನೇ ಕೈಹಾಕಿ ಮಾಡಿದ ಗಾಡೀನ ನಾನೇ ಪಾಸ್ ಮಾಡೋ ಹಾಗಿಲ್ಲ. ಕೆಲಸಕ್ಕೇ ಕುತ್ತು ಬರುತ್ತೆ."

"ಬೇರೆ ಇನ್ಸ್‌ಪೆಕ್ಟರು?"

"ಈ ಕಡೆಗೆಲ್ಲ ನಾನೊಬ್ಬನೇ."

"ದೂರನ್ನ ನಾನೇ ವಾಪಸ್ ತಗೋತೀನಿ!" ಎಂದರು ಹೆಡ್‌ಮಾಸ್ಟರು.

"ತಗೊಂಡ್ರೂ ಪಾಸಾಗದೆ ಗಾಡಿ ರಸ್ತೆಗಿಳಿಯೋ ಹಾಗಿಲ್ಲವಲ್ಲ. ಒಂದೇ ದಾರಿ. ಇದನ್ನ ಕೊಯ್ದು ತೆಗೀರಿ, ಬೇರೇದು ಮಾಡಿ ಹಾಕಿ. ಆಗ ಬಂದು ನೋಡ್ತೀನಿ."

ಎಲ್ಲರೂ ವೆಲ್ಡರನ ಕಡೆ ತಿರುಗಿದರು. ಅವನು ಬಗ್ಗಿ ಬೆಸುಗೆಯನ್ನು ಒಮ್ಮೆ ನೋಡಿ, ಕನ್ನಡಕ ಹಾಕಿಕೊಂಡು ಎದ್ದ. "ಇಂಥ ಕೆಲಸ ಕೊಯ್ಯೋ ಪಾಪ ನನಗೆ ಬೇಡ ಸ್ವಾಮಿ. ಕೊಯ್ದ ಮೇಲೆ ಇಂಥದ್ದು ಮಾಡೋಕೂ ನನ್ನ ಕೈಲಾಗಲ್ಲ," ಎಂದು ಗೇಟು ದಾಟಿ ಹೊರಟೇಬಿಟ್ಟ.

ಹೆಂಡತಿ ಒಳಗೆ ಹೋಗಿ, ಉಳಿದ ದಿಂಬುಗಳನ್ನೆಲ್ಲ ಬೀರುವಿನೊಳಗಿಟ್ಟು ಬೀಗ ಹಾಕಿದಳು. ಟೈಲರಣ್ಣ ಕಬ್ಬಿಣದ ಗರಗಸ ಹಿಡಿದು ಕಾರಿನಡಿ ನುಸುಳಿದ. ಮೊದಲ ಎಳೆತಕ್ಕೇ, ಗೇಟಿನ ಬಳಿ ಮುಖ ಆಚೆ ತಿರುಗಿಸಿ ನಿಂತಿದ್ದ ಇನ್ಸ್‌ಪೆಕ್ಟರು ಎದೆ ಹಿಡಿದುಕೊಂಡರು.

"ಸ್ವಲ್ಪ ನಿಧಾನ ಸ್ವಾಮಿ," ಎಂದರು. "ಆ ಬೆಸುಗೆ ತುಂಬ ಚೆನ್ನಾಗಿ ಬಂದಿತ್ತು."