ಮೊದಲ ಸಲಹೆಗೆ ಐನೂರು

ಡಾಕ್ಟರ ಹತ್ತಿರ ಜನ ನಾಲಿಗೆ ತೋರಿಸಿ, ಫೀಸು ಕೊಟ್ಟು ಎದ್ದು ಹೋಗುತ್ತಾರೆ. ವಕೀಲರ ಹತ್ತಿರ ಅದೇ ನಾಲಿಗೆಯನ್ನು ಗಂಟೆಗಟ್ಟಲೆ ಆಡಿಸಿ, ಫೀಸು ಅಂದ ಕೂಡಲೇ ಒಳಗೆಳೆದುಕೊಳ್ಳುತ್ತಾರೆ. ಹುಟ್ಟಿದೂರು ರಾಯದುರ್ಗದಲ್ಲಿ ಆರು ವರ್ಷ, ಮದುವೆಯಾದ ಮೇಲೆ ಮಡಕಶಿರಾದಲ್ಲಿ ಹದಿನಾಲ್ಕು ವರ್ಷ ಒಬ್ಬಳೇ ವಕೀಲಿ ನಡೆಸಿದ್ದೇನೆ. ಫೀಸು ಕೇಳುವವಳೂ ನಾನೇ, ಕೇಳಿ ನಾಚಿಕೊಳ್ಳುವವಳೂ ನಾನೇ. ವಾರಕ್ಕೊಂದಾದರೂ ಇಂಥದ್ದು ನಡೆಯಲಿಲ್ಲ ಅಂದರೆ ಕೋರ್ಟಿಗೆ ರಜೆ ಅಂತಲೇ ಅರ್ಥ.

ಗೆಳೆಯನ ಕೇಸು

ರಾಯದುರ್ಗದಲ್ಲಿ ಆಫೀಸು ತೆರೆದ ಹೊಸತು. ‘ಮೊದಲ ಸಲಹೆಗೆ ಐನೂರು ರೂಪಾಯಿ’ ಅಂತ ಬಾಗಿಲಿಗೆ ಬೋರ್ಡು ಹಾಕಿದ್ದೆ. ಡಿ. ಹಿರೇಹಾಳ್ ಕಡೆಯ ರೈತರೊಬ್ಬರು ಬಂದು, ಬೋರ್ಡನ್ನು ಎರಡು ಸಲ ಓದಿ, ಕೂತರು.

“ನಂದೇನಲ್ರೀ ಮೇಡಂ. ನಮ್ಮ ಗೆಳೆಯಂದು. ಅವನ ತಮ್ಮ ಬದು ಒತ್ತಿ ಉಳಾಕ ಹತ್ಯಾನ್ರಿ.”

ಸರ್ವೆ ನಂಬರು ಕೇಳಿದೆ. ಗೆಳೆಯನ ಹೊಲದ್ದು ಇವರಿಗೆ ಬಾಯಿಪಾಠವಾಗಿತ್ತು. ಗೆಳೆಯನ ತಮ್ಮನ ಹೆಸರು ಹೇಳುವಾಗ ಇವರು ಹಲ್ಲು ಕಡಿದರು.

“ನಿಮ್ಮ ಗೆಳೆಯರನ್ನೇ ಕಳಿಸ್ರಿ, ಅವರ ಹತ್ರಾನೇ ಮಾತಾಡ್ತೀನಿ” ಎಂದೆ.

ಎದ್ದು ಮೆಟ್ಟಿಲಿಳಿದರು. ಎರಡೇ ನಿಮಿಷಕ್ಕೆ ಮತ್ತೆ ಹತ್ತಿ ಬಂದರು.

“ಆ ಗೆಳೆಯ ನಾನಽ ರೀ.”

“ಹಂಗಾದ್ರೆ ಫೀಸು ಕೊಡ್ರಿ.”

“ಯಾಕ್ರಿ? ಮೊದಲ ಸಲಹೆಗೆ ಅಂತ ಬರದೀರಿ. ಇದು ಎರಡನೇದ್ರೀ!”

ಬರೀ ಅಳತೆ

ರಾಯದುರ್ಗದ್ದೇ ಜೀನ್ಸ್ ಹೊಲಿಯುವ ಟೈಲರೊಬ್ಬರು ಒಂದು ದಿನ ಕಂಗಾಲಾಗಿ ಬಂದರು. ಅಂಗಡಿ ಖಾಲಿ ಮಾಡು ಅಂತ ಮಾಲೀಕ ನೋಟಿಸು ಕೊಟ್ಟಿದ್ದ. ಆರು ಮಷೀನು, ಆರು ಜನರ ಅನ್ನ. ಒಂದು ಗಂಟೆ ಕಾಗದ ನೋಡಿ, ಧೈರ್ಯ ಹೇಳಿ, ಫೀಸು ಕೇಳಿದೆ. ಮುಖದ ಭಯ ಹೋಗಿ ವ್ಯಾಪಾರ ಬಂತು.

“ಪ್ಯಾಂಟಿಗೆ ಅಳತಿ ತಗೊಂಡದ್ದಕ್ಕ ನಾವು ರೊಕ್ಕ ತಗೊಳ್ಳಂಗಿಲ್ರಿ. ಹೊಲದು ಕೊಟ್ಟ ಮ್ಯಾಲ ತಗೋತೀವಿ. ನೀವು ಇವತ್ತು ಬರೇ ಅಳತಿ ತಗೊಂಡೀರಿ.”

ಆವತ್ತಿನ ಫೀಸು ಆಮೇಲಕ್ಕೆ ಬಿಟ್ಟೆ. ಕೇಸು ನಡೆಸಿದೆ, ಅಂಗಡಿ ಉಳಿಯಿತು. ಖುಷಿಯಿಂದ ಪೂರ್ತಿ ಫೀಸಿನ ಚೀಟಿ ಕೈಗಿಟ್ಟೆ. ಅದನ್ನು ಹಿಂದೆ ಮುಂದೆ ತಿರುವಿ ನೋಡಿದರು.

“ಕೆಲಸ ಚಂದ ಆಗೇತ್ರಿ. ಸೊಂಟದಾಗ ಸ್ವಲ್ಪ ಲೂಸಾಗೇತಿ. ಎರಡಿಂಚು ಹಿಡೀರಿ.”

ವಾಪಸ್ ಬಂದ ಸಲಹೆ

ಇದು ಮಡಕಶಿರಾದ್ದು. ಅಗಳಿ ಕಡೆಯ ಹೆಂಗಸೊಬ್ಬಳು ಬಂದಳು. ಮಹಿಳಾ ಸಂಘದಲ್ಲಿ ಸಾಲ ಎತ್ತಿ ಅವಳು ತಂದಿದ್ದ ಎಮ್ಮೆಯನ್ನು ಗಂಡ ಒಂದು ಮಾತೂ ಕೇಳದೆ ತನ್ನ ತಂಗಿಯ ಮನೆಗೆ ಹೊಡೆದುಕೊಂಡು ಹೋಗಿ ಕೊಟ್ಟಿದ್ದ. ಮೂರು ತಿಂಗಳಿಂದ ಅವಳು ತವರಲ್ಲಿದ್ದಳು.

“ಎಮ್ಮೆ ಹೋಗಿದ್ದಕ್ಕಲ್ಲ ಮೇಡಂ. ನಾನು ಮನೇಲಿ ಇದ್ದೀನೋ ಇಲ್ವೋ ಅನ್ನೋದೂ ಗ್ಯಾನ ಇಲ್ವಲ್ಲ ಅವನಿಗೆ” ಎಂದು ಕಣ್ಣೊರೆಸಿಕೊಂಡಳು.

“ದುಡುಕಿ ವಾಪಸ್ ಹೋಗಬೇಡಮ್ಮ, ಮೊದಲು ನೋಟಿಸ್ ಕಳಿಸೋಣ” ಎಂದೆ. ಐನೂರು ಕೊಟ್ಟು ಹೋದಳು.

ಎರಡು ದಿನಕ್ಕೆ ಗಂಡನೂ ನನ್ನ ಹತ್ತಿರವೇ ಬಂದ. ಹೆಂಡತಿಯನ್ನು ಕೋರ್ಟಿನಿಂದ ಕರೆಸಿಕೊಡಬೇಕಂತೆ. ಊರು, ಹೆಸರು ಕೇಳಿದವಳೇ ಅವನು ನೀಡಿದ ದುಡ್ಡನ್ನು ಹಿಂದಕ್ಕೆ ತಳ್ಳಿದೆ.

“ನಿಮ್ಮ ಕೇಸು ನಾನು ತಗೊಳ್ಳಂಗಿಲ್ಲಪ್ಪ.”

“ಯಾಕೆ ಮೇಡಂ?”

“ಹೇಳಂಗಿಲ್ಲ.”

ಅವನು ನನ್ನ ಮುಖವನ್ನೇ ನೋಡಿದ. “ಅವಳು ಬಂದಿದ್ಲಾ?”

ನಾನು ಮಾತಾಡಲಿಲ್ಲ.

“ಅಳ್ತಿದ್ಲಾ?”

ಆಗಲೂ ಮಾತಾಡಲಿಲ್ಲ. ಅವನು ತಲೆ ತಗ್ಗಿಸಿ ಎದ್ದು ಹೋದ. ಹೋದವನು ತಂಗಿಯ ಮನೆಯಿಂದ ಎಮ್ಮೆ ಬಿಡಿಸಿಕೊಂಡು ಸೀದಾ ಅತ್ತೆಯ ಮನೆ ಬಾಗಿಲಿಗೆ ಹೊಡೆದುಕೊಂಡು ಹೋದನಂತೆ.

ಮುಂದಿನ ವಾರ ಗಂಡ ಹೆಂಡತಿ ಜೊತೆಯಲ್ಲೇ ನನ್ನ ಆಫೀಸಿಗೆ ಬಂದರು. ಥ್ಯಾಂಕ್ಸ್ ಹೇಳುತ್ತಾರೆ ಅಂದುಕೊಂಡೆ.

“ಐನೂರು ವಾಪಸ್ ಕೊಡಿ ಮೇಡಂ” ಅಂದಳು.

“ಸಲಹೆ ಕೊಟ್ಟೆನಲ್ಲಮ್ಮ?”

“ಕೊಟ್ರಿ, ವಾಪಸ್ ಹೋಗಬೇಡ ಅಂತ. ನಾನು ಹೋದೆ. ನಿಮ್ಮ ಸಲಹೆ ಬಳಸೇ ಇಲ್ಲ, ಹೆಂಗಿತ್ತೋ ಹಂಗೇ ಇದೆ. ನೀವೇ ಇಟ್ಕಳಿ.”

ನಗು ತಡೆಯಲಾರದೆ ನೋಟು ತೆಗೆದು ಮುಂದಿಟ್ಟೆ. ಗಂಡ ಅವಳ ಕೈ ಹಿಡಿದು ನಿಲ್ಲಿಸಿ, ನೋಟನ್ನು ನನ್ನ ಕಡೆಗೇ ಸರಿಸಿದ.

“ಇರಲಿ ಮೇಡಂ, ಇದು ನನ್ನ ಲೆಕ್ಕದ್ದು. ಇವಳತ್ರ ಅಷ್ಟು ಮಾತಾಡಿದ್ರಿ, ಒಂದೂ ಕೆಲಸಕ್ಕೆ ಬರಲಿಲ್ಲ. ನನ್ನತ್ರ ಬಾಯಿ ಬಿಡಲಿಲ್ಲ, ಸಂಸಾರ ಸರಿಹೋಯ್ತು. ಇನ್ಮೇಲೆ ಯಾರೇ ಬರಲಿ, ಹಂಗೇ ಸುಮ್ನೆ ಕೂತ್ಕಳಿ. ಸಾವಿರ ಕೇಳಿದ್ರೂ ಕೊಡ್ತಾರೆ!”